ಓವರ್‌ಡ್ರೈವ್ ಬಿಟ್ಟಿದೆಯೋ ಇಲ್ಲವೋ ಅನುಮಾನವಿದ್ದರೆ ರಿವರ್ಸ್ ಹಾಕಬೇಡಿ

ಲೇಕಾಕ್ ಡಿ ನಾರ್ಮನ್‌ವಿಲ್ ಓವರ್‌ಡ್ರೈವ್ (ಕಾರಿನ ವೇಗ ಅಷ್ಟೇ ಇದ್ದರೂ ಎಂಜಿನ್ ನಿಧಾನಕ್ಕೆ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್ ಯೂನಿಟ್) ಇರುವ ಹಳೆ ಕಾರು ನಿಮ್ಮ ಹತ್ತಿರ ಇದ್ದರೆ ಇದನ್ನು ಓದಿ. ಒಂದೇ ಒಂದು ಸಲ ರಿವರ್ಸ್ ಗೇರ್ ಹಾಕಿ ನಾನು ಇಡೀ ಯೂನಿಟ್ ಹಾಳು ಮಾಡಿಕೊಂಡೆ. ಕಾರು ಒಂದು ಗೇಣೂ ಹಿಂದೆ ಹೋಗಲಿಲ್ಲ.

ಟ್ರಯಂಫ್, ಆಸ್ಟಿನ್ ಹೀಲಿ, ಎಂಜಿಬಿ, ಹಳೆ ವೋಲ್ವೋ, ಎಷ್ಟೋ ಕಾರುಗಳಲ್ಲಿ ಗೇರ್‌ಬಾಕ್ಸಿನ ಹಿಂದೆ ಈ ಯೂನಿಟ್ ಕೂತಿರುತ್ತದೆ. ಸ್ವಿಚ್ ಹಾಕಿದರೆ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ಅಯಸ್ಕಾಂತ) ಒಂದು ಪುಟ್ಟ ವಾಲ್ವ್ ಎತ್ತುತ್ತದೆ. ಎಣ್ಣೆಯ ಒತ್ತಡ ಶಂಕುವಿನಾಕಾರದ ಕೋನ್ ಕ್ಲಚ್ಚನ್ನು ಮುಂದಕ್ಕೆ ತಳ್ಳುತ್ತದೆ, ಓವರ್‌ಡ್ರೈವ್ ಹಿಡಿಯುತ್ತದೆ. 3000 ಆರ್‌ಪಿಎಂನಲ್ಲಿ ಒದ್ದಾಡುತ್ತಿದ್ದ ಎಂಜಿನ್ 2400ರ ಆಸುಪಾಸಿಗೆ ಇಳಿದು ತಣ್ಣಗಾಗುತ್ತದೆ. ಆ ಖುಷಿಗೇ ನಾನು ಮರುಳಾಗಿದ್ದು.

ಸ್ವಿಚ್ ತೆಗೆದಾಗ ವಾಲ್ವ್ ಕೆಳಗಿಳಿಯುತ್ತದೆ. ಒತ್ತಡದಲ್ಲಿರುವ ಎಣ್ಣೆ ಆ ವಾಲ್ವಿನ ಬುಡದಲ್ಲಿರುವ ಸೂಜಿ ಮೊನೆಯಷ್ಟು ತೂತಿನಿಂದ ಇಳಿದು ಹೋಗಬೇಕು. ಆಗ ಮಾತ್ರ ಸ್ಪ್ರಿಂಗುಗಳು ಕೋನನ್ನು ವಾಪಸ್ ಎಳೆಯುತ್ತವೆ. ನನ್ನ ಕಾರಿನಲ್ಲಿ ಆ ತೂತು ಕಟ್ಟಿಕೊಂಡಿತ್ತು. ಕಟ್ಟಿದ್ದೂ ನಾನೇ. ಪ್ಯಾಕಿಂಗ್ ಬದಲಿಸುವಾಗ ಸೀಲಂಟ್ ಜಾಸ್ತಿ ಬಳಿದಿದ್ದೆ. ಅದರ ಒಂದು ಚೂರು ಒಳಗೆ ಹೋಗಿ ಕೂತಿತು.

ಸೂಚನೆ ಕೊಡಲಿಲ್ಲ ಅನ್ನುವ ಹಾಗೂ ಇಲ್ಲ. ಮೊದಲು ಸ್ವಿಚ್ ತೆಗೆದ ತಕ್ಷಣ ಆರ್‌ಪಿಎಂ ಏರುತ್ತಿತ್ತು. ಆಮೇಲೆ ನಾಲ್ಕೈದು ಸೆಕೆಂಡ್ ಹಿಡಿಯಿತು. ಎಣ್ಣೆ ತಣ್ಣಗಿದೆ, ಅದಕ್ಕೇ ಇರಬೇಕು ಅಂದುಕೊಂಡೆ. ಕೊನೆಯ ದಿನ ಮುಳ್ಳು ಏರಲೇ ಇಲ್ಲ. ಮೀಟರ್ ಕೆಟ್ಟಿದೆ ಎಂದು ನನಗೆ ನಾನೇ ಹೇಳಿಕೊಂಡೆ! ಮನೆ ಮುಂದಿನ ಸಣ್ಣ ಏರಿನಲ್ಲಿ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಬಿಟ್ಟರೂ ಕಾರು ಹಿಂದಕ್ಕೆ ಜಾರಲಿಲ್ಲ. ಬ್ರೇಕ್ ಹಿಡಿದುಕೊಂಡಿದೆ ಅಂತ ರಿವರ್ಸ್ ಹಾಕಿ ಸ್ವಲ್ಪ ಜಾಸ್ತಿಯೇ ಆಕ್ಸಿಲರೇಟರ್ ಒತ್ತಿದೆ. ಸೀಟಿನ ಕೆಳಗೆ ಕಲ್ಲು ಒಡೆದ ಹಾಗೆ ಸದ್ದಾಯಿತು.

ಒಳಗೆ ಒಂದೇ ದಿಕ್ಕಿಗೆ ಹಿಡಿಯುವ ರೋಲರ್ ಕ್ಲಚ್ ಇದೆ. ಮುಂದೆ ಹೋಗುವಾಗ ಓವರ್‌ಡ್ರೈವ್ ಹಿಡಿದಿದ್ದರೆ ಔಟ್‌ಪುಟ್ ಭಾಗ ಇನ್‌ಪುಟ್‌ಗಿಂತ ಜೋರಾಗಿ ತಿರುಗುತ್ತದೆ, ರೋಲರುಗಳು ಸುಮ್ನೆ ಜಾರುತ್ತವೆ. ಹಿಂದಕ್ಕೆ ತಿರುಗಿಸಿದರೆ ಅದೇ ರೋಲರುಗಳು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಇತ್ತ ಯೂನಿಟ್ಟಿನ ನಡುವಿನ ಸನ್ ಗೇರನ್ನು ಕೋನ್ ಕ್ಲಚ್ ಮೊದಲೇ ಅಲ್ಲಾಡದಂತೆ ಹಿಡಿದಿದೆ. ಎರಡೂ ಕಡೆ ಕಟ್ಟಿ ಹಾಕಿದ ಮೇಲೆ ಎಂಜಿನ್ ತಳ್ಳಿದರೆ ಏನೋ ಒಂದು ಮುರಿಯಲೇಬೇಕು ಅಲ್ವಾ? ಏರಿನಲ್ಲಿ ಕಾರು ಜಾರದೆ ನಿಂತಿದ್ದೂ ಇದಕ್ಕೇ.

ಗೇರ್‌ಬಾಕ್ಸ್ ಮೇಲಿನ ಇನ್ಹಿಬಿಟರ್ ಸ್ವಿಚ್ ಇದೆಯಲ್ಲ ಎಂದು ನಾನೂ ನಂಬಿದ್ದೆ. ಅದು ರಿವರ್ಸಿನಲ್ಲಿ ಸೊಲೆನಾಯ್ಡಿಗೆ ಕರೆಂಟ್ ಹೋಗದಂತೆ ತಡೆಯುತ್ತದೆ, ಅಷ್ಟೇ. ಒಳಗೆ ಸಿಕ್ಕಿಕೊಂಡ ಎಣ್ಣೆಯ ಒತ್ತಡದ ಸುದ್ದಿ ಅದಕ್ಕೆ ಗೊತ್ತೇ ಇಲ್ಲ.

ಹಾಗಾಗಿ ಸ್ವಿಚ್ ತೆಗೆದ ಮೇಲೆ ಆರ್‌ಪಿಎಂ ಏರಿತಾ ಎಂದು ಓಡುತ್ತಿರುವಾಗಲೇ ನೋಡಿಕೊಳ್ಳಿ. ಏರದಿದ್ದರೆ, ಮುಂದಕ್ಕೇ ಹೊರಡಲು ಬರುವ ಜಾಗದಲ್ಲಿ ನಿಲ್ಲಿಸಿ. ನಾಲ್ಕು ಜನ ಸೇರಿ ಹಿಂದಕ್ಕೆ ತಳ್ಳುವುದೂ ಬೇಡ. ವಾಲ್ವ್ ಬಿಚ್ಚಿ ಆ ತೂತಿಗೆ ತೆಳು ತಂತಿ ತೂರಿಸಿ ನೋಡುವುದು ಅರ್ಧ ಗಂಟೆಯ ಕೆಲಸ. ಆದರೆ ಆ ವಾಲ್ವಿನ ಪ್ಲಗ್ ಬಿಚ್ಚುವ ಮೊದಲು ಎಂಜಿನ್ ಆಫ್ ಇಟ್ಟು, ಇಗ್ನಿಷನ್ ಆನ್ ಮಾಡಿ, ಟಾಪ್ ಗೇರಿನಲ್ಲಿ ಓವರ್‌ಡ್ರೈವ್ ಸ್ವಿಚ್ಚನ್ನು ಹತ್ತು ಹನ್ನೆರಡು ಸಲ ಹಾಕಿ ತೆಗೆಯಿರಿ, ಒತ್ತಡ ಇಳಿಯುತ್ತದೆ. ನಾನು ಅದನ್ನೂ ಮರೆತು ಕನ್ನಡಕದ ತುಂಬ ಎಣ್ಣೆ ಹಾರಿಸಿಕೊಂಡೆ. ನುಣುಪು ಹೆಚ್ಚಿಸುವ ಆಡಿಟಿವ್ ಹಾಕಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳುತ್ತಾರೆ, ಕೇಳಬೇಡಿ. ಕೋನ್ ಕ್ಲಚ್ ಹಿಡಿಯುವುದೇ ಉಜ್ಜುವಿಕೆಯಿಂದ.

ನನ್ನ ಯೂನಿಟ್ ಈಗ ಬೆಂಚಿನ ಮೇಲಿದೆ. ರೋಲರುಗಳ ಕೇಜ್ ಮೂರು ತುಂಡಾಗಿದೆ, ಸಿಕ್ಕಿದ್ದು ಎರಡು. ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಎಣ್ಣೆ ಒಂದೇ. ಹಾಗಾಗಿ ಆ ಮೂರನೇ ತುಂಡಿಗಾಗಿ, ಚೆನ್ನಾಗಿಯೇ ಇದ್ದ ಗೇರ್‌ಬಾಕ್ಸನ್ನೂ ಬಿಚ್ಚುತ್ತಿದ್ದೇನೆ.