ಡಬಲ್ ಡೈ ನಾಣ್ಯ ನೋಡಲು ಸರಾಫ್ ಬಜಾರಿನ 10 ಎಕ್ಸ್ ಲೆನ್ಸ್ ಸಾಕು

ಕಲಬುರಗಿಯ ಕಣ್ಣಿ ಮಾರ್ಕೆಟ್ ಹತ್ತಿರ ನಮ್ಮದೊಂದು ಕಿರಾಣಿ ಅಂಗಡಿ ಇದೆ. ರಾತ್ರಿ ಶಟರ್ ಎಳೆದ ಮೇಲೆ ಗಲ್ಲಾದ ಚಿಲ್ಲರೆಯನ್ನೆಲ್ಲ ಟೇಬಲ್ ಮೇಲೆ ಸುರಿದು ಒಂದೊಂದೇ ನಾಣ್ಯ ತಿರುಗಿಸಿ ನೋಡುವುದು ನನಗೆ ಆರು ವರ್ಷದ ಅಭ್ಯಾಸ. ಅದಕ್ಕಂತಲೇ ಈ ವರ್ಷ ಎರಡು ಸಾಮಾನು ಕೊಂಡೆ. ಒಂದು ಆನ್‌ಲೈನ್‌ನಲ್ಲಿ ತರಿಸಿದ ಯುಎಸ್‌ಬಿ ಮೈಕ್ರೋಸ್ಕೋಪ್, ₹1,450. ಇನ್ನೊಂದು ಸರಾಫ್ ಬಜಾರಿನಲ್ಲಿ ಅಕ್ಕಸಾಲಿಗರಿಗೆ ಸಾಮಾನು ಮಾರುವ ಚಿಕ್ಕ ಅಂಗಡಿಯಲ್ಲಿ ಸಿಕ್ಕ 10 ಎಕ್ಸ್, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮಡಚುವ ಲೆನ್ಸ್, ₹480. ಡಬಲ್ ಡೈ ಅಂದರೆ ಅಚ್ಚಿನಲ್ಲೇ ಚಿತ್ರ ಎರಡು ಸಲ ಮೂಡಿ, ಇಸವಿ, ಅಕ್ಷರ ಜೋಡಿಯಾಗಿ ಬಿದ್ದ ನಾಣ್ಯ. ಅದು ನಿಜವೋ ಸುಳ್ಳೋ ಅಂತ ನೋಡಬೇಕಾದವರು ಎರಡನೆಯದನ್ನೇ ತಗೊಳ್ಳಿ. ಮೊದಲನೆಯದು ನನ್ನನ್ನು ದಾರಿ ತಪ್ಪಿಸಿತು. ಯಾಕೆ ಅಂತ ಬಿಡಿಸಿ ಬರೆಯುತ್ತೇನೆ, ಇದರಲ್ಲಿ ಜನ ಸುಮ್ನೆ ರೊಕ್ಕ ಕಳೆದುಕೊಳ್ಳುತ್ತಿದ್ದಾರೆ.

ಶರಣಬಸವೇಶ್ವರ ಜಾತ್ರೆಯಲ್ಲಿ ಬಟ್ಟೆ ಹಾಸಿ ಹಳೆ ನಾಣ್ಯ ಮಾರುತ್ತಿದ್ದ ಒಬ್ಬರ ಹತ್ತಿರ ನಾನು ಒಂದು ಎರಡು ರೂಪಾಯಿ ನಾಣ್ಯ ಕೊಂಡೆ. ಭಾರತದ ನಕ್ಷೆ ಇರುತ್ತದಲ್ಲ, ಹನ್ನೊಂದು ಮೂಲೆಯದು, ಅದೇ. 1998ರದು. 'ಡಬಲ್ ಡೈ ಅದರೀ ಸರ, ಇಸವಿ ನೋಡ್ರಿ, ಎರಡು ಸಲ ಬಿದ್ದದ' ಅಂದರು. ಬರಿಗಣ್ಣಿಗೂ ಕೊನೆಯ 8ರ ಪಕ್ಕ ಇನ್ನೊಂದು ಗೆರೆ ಕಾಣುತ್ತಿತ್ತು. ₹600 ಕೊಟ್ಟೆ.

ಮನೆಗೆ ಬಂದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಡಬ್ಬಿಯ ಮೇಲೆ 1000 ಎಕ್ಸ್ ಅಂತ ಬರೆದಿದೆ. ಲ್ಯಾಪ್‌ಟಾಪಿನಲ್ಲಿ ಒಂದೊಂದು ಅಕ್ಷರಕ್ಕೂ ಜೋಡಿ ಗೆರೆ ಕಂಡಿತು, ಖುಷಿಯಾಯಿತು. ಆಮೇಲೆ ಹೋಲಿಸಿ ನೋಡೋಣ ಅಂತ ಗಲ್ಲಾದಿಂದ ಸಾಧಾರಣ ಎರಡು ರೂಪಾಯಿ ತೆಗೆದು ಇಟ್ಟರೆ ಅದರಲ್ಲೂ ಜೋಡಿ ಗೆರೆ. ಇನ್ನೊಂದು ಇಟ್ಟೆ, ಅದರಲ್ಲೂ ಇತ್ತು. ಹತ್ತು ನಾಣ್ಯ ನೋಡಿದೆ, ಹತ್ತರಲ್ಲೂ ಇತ್ತು. ಆಗ ಗೊತ್ತಾಯಿತು, ಈ ಗೆರೆ ನಾಣ್ಯದ್ದಲ್ಲ, ಬೆಳಕಿನದ್ದು. ಈ ಮೈಕ್ರೋಸ್ಕೋಪಿನ ಮೂತಿಯ ಸುತ್ತ ಎಂಟು ಚಿಕ್ಕ ಎಲ್‌ಇಡಿ ದೀಪಗಳಿವೆ. ಹೊಳೆಯುವ ಲೋಹದಲ್ಲಿ ಅಕ್ಷರದ ಅಂಚು ಕನ್ನಡಿ ಇದ್ದ ಹಾಗೆ. ಎಂಟು ದಿಕ್ಕಿನಿಂದ ಬೆಳಕು ಬಿದ್ದರೆ ಒಂದೇ ಅಂಚಿನಲ್ಲಿ ಎರಡು ಮೂರು ಹೊಳಪಿನ ಗೆರೆ ಮೂಡುತ್ತವೆ. ಎತ್ತರ ಯಾವುದು, ತಗ್ಗು ಯಾವುದು ಅಂತ ಹೇಳುವ ನೆರಳು ಇರುವುದೇ ಇಲ್ಲ. ಡಬಲ್ ಡೈ ಗುರುತಿಸಲು ಬೇಕಾಗಿರುವುದೇ ಆ ನೆರಳು.

ಮರುದಿನ ಸರಾಫ್ ಬಜಾರಿಗೆ ಹೋದೆ. ಅಂಗಡಿಯಲ್ಲಿದ್ದ ಹಿರಿಯರು 'ಹರಳು ನೋಡ್ಲಾಕ ಬೇಕೇನ್ರಿ, ಗಡಿಯಾರಕ್ಕ ಬೇಕೇನ್ರಿ?' ಅಂತ ಕೇಳಿದರು. ನಾಣ್ಯಕ್ಕೆ ಅಂದೆ. ಮೂರು ಲೆನ್ಸ್ ತೆಗೆದು ಗಾಜಿನ ಮೇಲೆ ಇಟ್ಟರು. ಒಂದರ ಮೇಲೆ 40 ಎಕ್ಸ್, 25 ಎಂಎಂ ಅಂತ ಕೊರೆದಿತ್ತು, ಬೆಲೆ ಬರೀ ₹150. ಅದಕ್ಕೆ ಕೈ ಹಾಕಿದೆ. ಅವರೇ ತಡೆದರು. 'ಬ್ಯಾಡ್ರಿ, ಅದು ಬರದದ್ದಷ್ಟೇ ಅದ.' ತಮ್ಮದೇ ಸಾಮಾನಿನ ಬಗ್ಗೆ ಹೀಗೆ ಹೇಳುವವರು ಕಡಿಮೆ, ಈ ಅಂಗಡಿಯ ಮೇಲೆ ನಂಬಿಕೆ ಬಂದಿದ್ದು ಅಲ್ಲೇ.

ಲೆನ್ಸಿನ ಪವರ್ ನಿಜವೋ ಇಲ್ಲವೋ ಅಂತ ನೀವೇ ಅಂಗಡಿಯಲ್ಲಿ ನಿಂತು ನೋಡಬಹುದು. 250ನ್ನು ಪವರಿನಿಂದ ಭಾಗಿಸಿ. ಬರುವ ಸಂಖ್ಯೆಯಷ್ಟು ಮಿಲಿಮೀಟರ್ ದೂರದಲ್ಲಿ ವಸ್ತು ಸ್ಪಷ್ಟವಾಗಿ ಕಾಣಬೇಕು. 10 ಎಕ್ಸ್ ಆದರೆ ಸುಮಾರು 25 ಮಿಲಿಮೀಟರ್, ಅಂದರೆ ಒಂದು ಇಂಚು. ನಿಜವಾಗಲೂ 40 ಎಕ್ಸ್ ಇದ್ದರೆ ಆರು ಮಿಲಿಮೀಟರ್‌ಗೆ ಹಿಡಿಯಬೇಕು, ಲೆನ್ಸ್ ನಾಣ್ಯಕ್ಕೆ ತಾಗಿದ ಹಾಗೇ ಇರುತ್ತದೆ. 25 ಎಂಎಂ ಅಗಲದ ಗಾಜಿನಲ್ಲಿ ಅದು ಆಗುವ ಮಾತಲ್ಲ. ಆ ₹150ರದ್ದು ಒಂದೂವರೆ ಇಂಚು ದೂರದಲ್ಲೇ ಸ್ಪಷ್ಟವಾಯಿತು, ಹತ್ತು ಪಟ್ಟೂ ಇರಲಿಲ್ಲ.

ನಾನು ತಗೊಂಡಿದ್ದು ಟ್ರಿಪ್ಲೆಟ್, ಒಳಗೆ ಮೂರು ಗಾಜು ಅಂಟಿಸಿರುತ್ತಾರೆ. ಒಂದೇ ಗಾಜಿನ ಅಗ್ಗದ ಲೆನ್ಸಿನಲ್ಲಿ ಅಂಚಿನ ಕಡೆ ಅಕ್ಷರಗಳು ಬಾಗುತ್ತವೆ, ಗೆರೆಗಳ ಪಕ್ಕ ನೀಲಿ, ಕೆಂಪು ಬಣ್ಣ ಬಿಡುತ್ತದೆ, ಅದೂ ಡಬಲ್ ಅನ್ನಿಸುತ್ತದೆ. ಗ್ರಾಫ್ ಹಾಳೆ ಇಟ್ಟು ನೋಡಿದೆ. ಗೆರೆಗಳು ಹೆಚ್ಚೂಕಡಿಮೆ ಅಂಚಿನವರೆಗೂ ನೆಟ್ಟಗೆ ಕಂಡವು.

ಈಗ ಆ ₹600ರ ನಾಣ್ಯದ ಕಥೆ. ಬೆಳಿಗ್ಗೆ ಎಂಟಕ್ಕೆ ನಮ್ಮ ಕಿಟಕಿಯಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ. ನಾಣ್ಯವನ್ನು ಬೆರಳಲ್ಲಿ ಹಿಡಿದು, ಲೆನ್ಸ್ ಕಣ್ಣಿಗೆ ಒತ್ತಿ, ನಾಣ್ಯವನ್ನು ನಿಧಾನ ತಿರುಗಿಸಿದೆ. 8ರ ಬಲಕ್ಕೆ ಕಂಡ ಎರಡನೇ ಗೆರೆ ದುಂಡಗೆ ಉಬ್ಬಿರಲಿಲ್ಲ. ಮನೆ ಕಟ್ಟೆಯ ಕೆಳಗಿನ ಮೆಟ್ಟಿಲಿನ ಹಾಗೆ ಚಪ್ಪಟೆ, ತಗ್ಗಿನಲ್ಲಿ, ಉಜ್ಜಿದ ಹಾಗೆ ಹೊಳಪು. ಅದಕ್ಕಿಂತ ಮುಖ್ಯ, ಆ ಮೆಟ್ಟಿಲು ಹುಟ್ಟಿದ್ದೇ 8ರ ಮೈಯನ್ನು ತಿಂದು. ಗಲ್ಲಾದ ಇನ್ನೊಂದು 8ರ ಪಕ್ಕ ಇಟ್ಟರೆ ಇದರ 8 ಸೊರಗಿ ತೆಳ್ಳಗಿತ್ತು. ಇಸವಿ, ಅಕ್ಷರ ಎಲ್ಲದರಲ್ಲೂ ಮೆಟ್ಟಿಲು ಒಂದೇ ದಿಕ್ಕಿಗೆ. ಇದು ಮಷಿನ್ ಡಬ್ಲಿಂಗ್. ನಾಣ್ಯ ಒತ್ತುವಾಗ ಅಚ್ಚು ಸ್ವಲ್ಪ ಸಡಿಲವಿದ್ದರೆ, ಒತ್ತಿದ ಕ್ಷಣದಲ್ಲೇ ಜಾರಿ ಅಕ್ಷರದ ಪಕ್ಕವನ್ನು ಸವರಿಬಿಡುತ್ತದೆ. ಇಂಥವು ನಮ್ಮ ಚಿಲ್ಲರೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಎರಡು ರೂಪಾಯಿ ನಾಣ್ಯಕ್ಕೆ ಎರಡೇ ರೂಪಾಯಿ ಬೆಲೆ.

ನಿಜವಾದ ಡಬಲ್ ಡೈಯಲ್ಲಿ ತಪ್ಪು ಆಗುವುದು ನಾಣ್ಯ ಒತ್ತುವಾಗ ಅಲ್ಲ, ಅಚ್ಚು ಮಾಡುವಾಗ. ಹಬ್ ಅನ್ನುವ ಗಟ್ಟಿ ಉಕ್ಕಿನ ಮೂಲ ಚಿತ್ರವನ್ನು ಅಚ್ಚಿನೊಳಗೆ ಒತ್ತುತ್ತಾರೆ. ಹಿಂದೆ ಒಂದು ಸಲ ಒತ್ತಿದರೆ ಚಿತ್ರ ಪೂರ್ತಿ ಮೂಡುತ್ತಿರಲಿಲ್ಲ, ಅಚ್ಚನ್ನು ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕಿತ್ತು. ಆ ಎರಡನೇ ಸಲ ಕೂದಲೆಳೆಯಷ್ಟು ತಿರುಗಿ ಕೂತರೂ ಅಚ್ಚಿನಲ್ಲಿ ಎರಡು ಚಿತ್ರ ನಿಂತುಬಿಡುತ್ತವೆ. ಆ ಅಚ್ಚಿನಿಂದ ಬಿದ್ದ ಪ್ರತಿ ನಾಣ್ಯದಲ್ಲೂ ಅದೇ ಜೋಡಿ, ಅದೇ ಜಾಗದಲ್ಲಿ, ಅಷ್ಟೇ ದೂರದಲ್ಲಿ ಇರುತ್ತದೆ. ಹಾಗಾಗಿ 'ಇಂಥದ್ದು ಲೋಕದಲ್ಲಿ ಇದೊಂದೇ' ಅಂತ ಯಾರಾದರೂ ಡಬಲ್ ಡೈ ಮಾರಿದರೆ ಅಲ್ಲೇ ಅನುಮಾನಪಡಿ.

ನನ್ನ ಹತ್ತಿರ ಹೋಲಿಕೆಗೆ ಒಂದು ಅಸಲಿ ಇದೆ. ತಂಗಿಯ ಮಗ ಅಮೆರಿಕದಿಂದ ಬರುವಾಗ ಅಲ್ಲಿನ ಚಿಲ್ಲರೆ ನಾಣ್ಯವಾದ ಸೆಂಟ್, 1995ರ ಡಬಲ್ ಡೈ, ತಂದುಕೊಟ್ಟ, ಡಬಲ್ ಡೈಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಒಂದು ಅದು. ಲಿಬರ್ಟಿ ಅನ್ನುವ ಪದ ನೋಡಿ. ಒಂದೊಂದು ಅಕ್ಷರವೂ ಮಾಮೂಲಿಗಿಂತ ದಪ್ಪ, ಎರಡೂ ಗೆರೆ ದುಂಡಗೆ ಉಬ್ಬಿವೆ, ಅಕ್ಷರದ ತುದಿಯಲ್ಲಿ ಮೀನಿನ ಬಾಲದ ಹಾಗೆ ಸೀಳು. ಬೆಳಕು ಯಾವ ಕಡೆಯಿಂದ ಬಂದರೂ ಸೀಳು ಅಲ್ಲೇ ಇರುತ್ತದೆ. ಇದನ್ನು ಎಡಗೈಯಲ್ಲಿ, ಜಾತ್ರೆಯ ನಾಣ್ಯವನ್ನು ಬಲಗೈಯಲ್ಲಿ ಹಿಡಿದು ಹತ್ತು ನಿಮಿಷ ನೋಡಿದ ಮೇಲೆ ನನಗೆ ಮತ್ತೆ ಗೊಂದಲ ಆಗಿಲ್ಲ. ಆದರೆ ಇಂಥ ಸೆಂಟಿನಲ್ಲೂ ಒಂದು ಮೋಸ ಇದೆ. 1982ರಿಂದ ಅವು ಸತುವಿನ ಮೇಲೆ ತಾಮ್ರ ಲೇಪಿಸಿದ ನಾಣ್ಯಗಳು. ಒತ್ತುವಾಗ ಲೇಪ ಸೀಳಿದರೆ ಅಕ್ಷರದ ಪಕ್ಕ ಬೂದು ಬಣ್ಣದ ಗೆರೆ ಕಾಣುತ್ತದೆ. ಅದು ಒಳಗಿನ ಸತು, ಡಬಲ್ ಅಲ್ಲ.

ಎಲ್ಲರೂ ಹೆಸರು ಹೇಳುವ 1955ರ ಲಿಂಕನ್ ಸೆಂಟ್ ಫಿಲಡೆಲ್ಫಿಯಾ ಟಂಕಸಾಲೆಯದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ನಾಣ್ಯ ಹೊರಗೆ ಹೋದವು, ಎಷ್ಟೋ ಸಿಗರೇಟ್ ಪ್ಯಾಕಿನ ಜೊತೆ ಚಿಲ್ಲರೆಯಾಗಿ ಜನರ ಕೈ ಸೇರಿದವು. ಅದರಲ್ಲಿ ಇಸವಿ, ಅಕ್ಷರ ಎಲ್ಲ ಬರಿಗಣ್ಣಿಗೇ ಎರಡೆರಡು. ಆದರೆ ಅದೇ ವರ್ಷದ ಇನ್ನೊಂದು ನಾಣ್ಯಕ್ಕೆ 'ಬಡವರ ಡಬಲ್ ಡೈ' ಅಂತಾರೆ. ಅದರಲ್ಲಿ ಕೊನೆಯ 5 ಮಾತ್ರ ಜೋಡಿ ಕಾಣುತ್ತದೆ. ಅದು ಅಚ್ಚು ಸವೆದು ಆದದ್ದು, ಗೆರೆ ಮಬ್ಬು, ಅಂಚು ಕರಗಿದ ಹಾಗೆ. ಎರಡರ ಬೆಲೆಗೂ ನೆಲ ಮುಗಿಲಿನ ಅಂತರ. ಫೋಟೋ ನೋಡಿ ಕೊಳ್ಳುವವರು ಇಲ್ಲೇ ಜಾಸ್ತಿ ಮೋಸ ಹೋಗುತ್ತಾರೆ.

ನಮ್ಮ ಕಡೆಯದೊಂದು ಮಾತು ಇಲ್ಲಿ ಹೇಳಬೇಕು. ಕಲಬುರಗಿ 1347ರಿಂದ ಬಹಮನಿಗಳ ರಾಜಧಾನಿ, ಆಮೇಲೆ ಬೀದರ್. ಹಾಗಾಗಿ ಬಹಮನಿ ತಾಮ್ರದ ನಾಣ್ಯ ಅಂತ ಜಾತ್ರೆ, ಸಂತೆಯಲ್ಲಿ ಆಗಾಗ ಕಾಣುತ್ತವೆ. ಬರಹ ಎರಡು ಸಲ ಬಿದ್ದಿದ್ದರೆ ಅದಕ್ಕೂ ಡಬಲ್ ಡೈ ಅಂತ ಹೆಸರಿಟ್ಟು ರೇಟು ಏರಿಸುತ್ತಾರೆ. ಅವು ಸುತ್ತಿಗೆಯಿಂದ ಕೈಯಲ್ಲಿ ಹೊಡೆದವು. ಎರಡು ಪೆಟ್ಟಿನ ನಡುವೆ ನಾಣ್ಯ ಅಲುಗಿದರೆ ಬರಹ ಜೋಡಿಯಾಗುತ್ತದೆ, ಅಚ್ಚಿನಲ್ಲಿ ಏನೂ ತಪ್ಪಿರುವುದಿಲ್ಲ. ಚಂದದ ನಾಣ್ಯ, ಇಷ್ಟವಾದರೆ ಬಹಮನಿ ನಾಣ್ಯ ಅಂತ ಕೊಳ್ಳಿ, ಡಬಲ್ ಡೈ ಅಂತ ಕೊಳ್ಳಬೇಡಿ.

ಮೈಕ್ರೋಸ್ಕೋಪ್ ಪೂರ್ತಿ ದಂಡ ಅಂತ ಹೇಳುವುದಿಲ್ಲ. ಅದರ ದೀಪ ಆರಿಸಿ, ಪಕ್ಕದಲ್ಲಿ ಒಂದೇ ಟೇಬಲ್ ಲ್ಯಾಂಪ್ ಓರೆಯಾಗಿ ಇಟ್ಟರೆ ಚಿತ್ರ ಬಹಳ ಸುಧಾರಿಸುತ್ತದೆ. ದೂರದ ಗೆಳೆಯರಿಗೆ ಫೋಟೋ ಕಳಿಸಲು ಈಗಲೂ ಅದನ್ನೇ ಬಳಸುತ್ತೇನೆ. ಆದರೆ ಸ್ಟ್ಯಾಂಡ್ ಅಲುಗಾಡುತ್ತದೆ, ಫೋಕಸ್ ತಿರುಗಿಸಿದರೆ ಚಿತ್ರ ಓಡಿಹೋಗುತ್ತದೆ. ಐದಕ್ಕೆ ಎರಡು ಸ್ಟಾರ್ ಕೊಡುತ್ತೇನೆ.

ಲೆನ್ಸಿಗೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಮಡಚುವ ಕಡೆಯ ಸ್ಕ್ರೂಗೆ. ಮೂರು ತಿಂಗಳಿಗೇ ಸಡಿಲವಾಯಿತು, ಕನ್ನಡಕ ರಿಪೇರಿಯ ಸಣ್ಣ ಸ್ಕ್ರೂಡ್ರೈವರಿನಿಂದ ಬಿಗಿ ಮಾಡಿಕೊಂಡೆ. ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ನಾಣ್ಯ, ಒಂದು ತುಂಡು ಗ್ರಾಫ್ ಹಾಳೆ ಇಟ್ಟುಕೊಳ್ಳಿ. ಸರಾಫ್ ಬಜಾರಿಗೆ ಹಗಲಲ್ಲೇ ಹೋಗಿ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡದೆ ಬಾಗಿಲಿಗೆ ಬಂದು ಬಿಸಿಲಿನಲ್ಲಿ ನೋಡಿ. ಆ ಹಿರಿಯರು ಬೇಡ ಅನ್ನುವುದಿಲ್ಲ.