ಮಣಿಕಟ್ಟಿಗೆ ಪೆಟ್ಟಾದರೆ ಪಕ್ಕದಿಂದಲೂ ಎಕ್ಸ್‌ರೇ ತೆಗೆಸಿ, ದಯವಿಟ್ಟು

ಬೈಕ್ ಸ್ಕಿಡ್ ಆಗಿ ಅಂಗೈ ಊರಿ ಬಿದ್ದವರು ಇದನ್ನು ಓದಲೇಬೇಕು. ನಮ್ಮ ಯಜಮಾನರಿಗೆ ಆಗಿದ್ದು ಇನ್ನೊಬ್ಬರಿಗೆ ಆಗಬಾರದು.

ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆದರು. ಎದುರಿನಿಂದ ಮಾತ್ರ. "ಫ್ರಾಕ್ಚರ್ ಏನಿಲ್ಲಮ್ಮ, ಉಳುಕಿದೆ ಅಷ್ಟೆ" ಎಂದು ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದಿವೆ ಸರ್ ಎಂದು ಇವರು ಹೇಳಿದರು. ನಾನೂ ಹೇಳಿದೆ. "ಊತಕ್ಕೆ ಹಾಗಾಗುತ್ತೆ." ಮತ್ತೆ ಹೋದೆವು. ಮತ್ತೆ ಅದೇ ಮಾತು. "ಸುಮ್ನೆ ಗಾಬರಿ ಆಗ್ತೀರಲ್ಲ!"

ಇವರು ಟೈಲರ್. ಪೆಟ್ಟಾಗಿದ್ದು ಬಲಗೈಗೆ. ದಾರದ ಗಂಟು ಬೆರಳಿಗೇ ತಿಳಿಯುತ್ತಿದ್ದ ಮನುಷ್ಯನಿಗೆ ಸೂಜಿ ಕೈಯಲ್ಲಿದೆಯೋ ಜಾರಿತೋ ಗೊತ್ತಾಗುತ್ತಿರಲಿಲ್ಲ.

ವಾರಗಳು ಕಳೆದ ಮೇಲೆ ಬೇರೆ ಮೂಳೆ ಡಾಕ್ಟರ್ ಹತ್ತಿರ ಹೋದೆವು. ಅವರು ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಮಣಿಕಟ್ಟಿನ 8 ಸಣ್ಣ ಮೂಳೆಗಳಲ್ಲಿ ಲೂನೇಟ್ ಅನ್ನೋದು ಜಾಗ ಬಿಟ್ಟು, ಟೀ ಕಪ್ ವಾಲಿದ ಹಾಗೆ ಅಂಗೈ ಕಡೆ ವಾಲಿತ್ತು. ನನ್ನ ಕಣ್ಣಿಗೂ ಕಾಣಿಸಿತು! ಆ ಮೂಳೆಯೇ ಬೆರಳುಗಳಿಗೆ ಹೋಗುವ ನರವನ್ನು ಒತ್ತಿ ಹಿಡಿದಿತ್ತು. ಜೋಮು ಅದಕ್ಕೇ. "ಮೊದಲೇ ಬಂದಿದ್ರೆ ಚೆನ್ನಾಗಿತ್ತು" ಅಂದರು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂತು. ಇಷ್ಟು ದಿನ ಉಳುಕು, ಉಳುಕು ಅಂತ ನಮ್ಮನ್ನು ಕೂರಿಸಿದ್ದರಲ್ಲ!

ಆಪರೇಷನ್ ಆಯಿತು. ಮೂಳೆ ಜಾಗಕ್ಕೆ ಕೂರಿಸಿ, ಮೂಳೆಗಳನ್ನು ಹಿಡಿದಿಡೋ ಲಿಗಮೆಂಟ್ ಹರಿದಿದ್ದನ್ನು ಹೊಲಿದು, ಮೂಳೆ ಅಲುಗದ ಹಾಗೆ ಕೆ-ವೈರ್ ಅನ್ನೋ ಸಣ್ಣ ತಂತಿ ಹಾಕಿದರು. ಸುಮಾರು 2 ತಿಂಗಳು ಪ್ಲಾಸ್ಟರ್. ಆಮೇಲೆ ತಂತಿ ತೆಗೆದು ಫಿಸಿಯೋಥೆರಪಿ, ಅದರ ನೋವು ಇನ್ನೂ ಜಾಸ್ತಿ. ಜೋಮು ಇಳಿದಿದೆ. ಮಣಿಕಟ್ಟು ಮೊದಲಿನಷ್ಟು ಬಾಗಲ್ಲ.

ಫೈಲ್ ಕೇಳೋಕೆ ಹಳೇ ಕಡೆ ಹೋದೆ. "ಆವತ್ತು ಸರಿಯಾಗೇ ಇತ್ತು. ಆಮೇಲೆ ಮನೇಲಿ ಎಲ್ಲೋ ಬಿದ್ದಿರಬೇಕು." ಬ್ಯಾಂಡೇಜ್ ಸುತ್ತಿಕೊಂಡು ಕೂತಿದ್ದವರು ಎಲ್ಲಿ ಬೀಳ್ತಾರೆ? ಪಕ್ಕದ ಎಕ್ಸ್‌ರೇ ಯಾಕೆ ತೆಗೀಲಿಲ್ಲ ಎಂದು ಕೇಳಿದೆ. "ನೀವು ಡಾಕ್ಟರಾ?" ಅಂದರು, ಅಷ್ಟು ಜನರ ಎದುರಿಗೆ. ನೀವು ಡಾಕ್ಟರಾ ಅಂತೆ! ಫೈಲ್ ಮಾತ್ರ ಇವತ್ತು, ನಾಳೆ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲೇ ಇದೆ. ಅರ್ಜಿ ಬರೆದುಕೊಟ್ಟು, ನಕಲಿಗೆ ಸೀಲ್ ಹಾಕಿಸಿಕೊಂಡ ಮೇಲೆಯೇ ಫಿಲ್ಮ್ ಕೈಗೆ ಬಂದಿದ್ದು.

ಬಿದ್ದ ಮೇಲೆ ಬೆರಳು ಜೋಮಾದರೆ ಪಕ್ಕದ ಎಕ್ಸ್‌ರೇ ಕೇಳಿ. ಬೈದರೂ ಕೇಳಿ. ತೆಗೆಯದಿದ್ದರೆ ಎದ್ದು ಬೇರೆ ಕಡೆ ಹೋಗಿ, ಆವತ್ತೇ. ಫಿಲ್ಮ್ ಅಲ್ಲಿ ಬಿಟ್ಟು ಬರಬೇಡಿ. ನಾನಂತೂ ಎರಡೂ ಫಿಲ್ಮ್ ಜೊತೆಗಿಟ್ಟು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡುತ್ತಿದ್ದೇನೆ.