ಇನ್ಸುಲಿನ್ ಬಾಟಲಿ ಫ್ರೀಜರ್‌ಗೆ ಹಾಕಬೇಡಿ: ಲಾಕ್‌ಡೌನ್‌ನಲ್ಲಿ ನಾನು ಮಾಡಿದ ಎಡವಟ್ಟು

ಮನೆಯಲ್ಲಿ ಇನ್ಸುಲಿನ್ ತಗೊಳ್ಳೋ ಹಿರಿಯರಿದ್ದರೆ ದಯವಿಟ್ಟು ಇದನ್ನು ಓದಿ.

2021ರ ಮೇ ತಿಂಗಳು, ಕೊರೊನಾ ಎರಡನೇ ಅಲೆ. ಮೂಡಿಗೆರೆಯಿಂದ ಒಳಗೆ, ತೋಟದ ಮಧ್ಯದ ಮನೆ ನಮ್ಮದು. ದಿನಸಿ ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ, ಬಸ್ಸಂತೂ ಇಲ್ಲವೇ ಇಲ್ಲ. ಹಿಂದಿನ ವರ್ಷ ಬೆಂಕಿಪೊಟ್ಟಣಕ್ಕೂ ಪರದಾಡಿದ್ದು ನೆನಪಿತ್ತು, ಹಾಗಾಗಿ ಈ ಸಲ ಏಪ್ರಿಲ್‌ನಲ್ಲೇ ಎಲ್ಲ ತಂದಿಟ್ಟಿದ್ದೆ. ಐವತ್ತು ಕೆಜಿ ಅಕ್ಕಿ, ತುಂಬಿದ ಸಿಲಿಂಡರ್, ಅತ್ತೆಯ 30/70 ಇನ್ಸುಲಿನ್ (ಎರಡು ಬಗೆ ಬೆರೆಸಿದ, ಹಾಲಿನಂತೆ ಬೆಳ್ಳಗಿರೋದು) ಆರು ಬಾಟಲಿ. ಬಾಟಲಿಗೆ 400 ಯೂನಿಟ್, ಅತ್ತೆಗೆ ದಿನಕ್ಕೆ 32. ಎರಡು ತಿಂಗಳು ಚಿಂತೆಯಿಲ್ಲ ಅಂತ ಲೆಕ್ಕ ಹಾಕಿ ಗಂಡನ ಮುಂದೆ ಜಂಬವನ್ನೂ ಕೊಚ್ಚಿಕೊಂಡಿದ್ದೆ. ಶುಗರ್ ನೋಡೋ ಸ್ಟ್ರಿಪ್ ಮಾತ್ರ ಪಟ್ಟಿಯಲ್ಲಿ ಬರೆಯೋದೇ ಮರೆತಿತ್ತು.

ಅಷ್ಟರಲ್ಲಿ ತೌಕ್ತೆ ಚಂಡಮಾರುತದ ಸುದ್ದಿ ಬಂತು. ನಮ್ಮ ಕಡೆ ಜೋರು ಗಾಳಿ ಬೀಸಿತೆಂದರೆ ಸಿಲ್ವರ್ ಮರ ಲೈನ್ ಮೇಲೆ ಬೀಳುತ್ತೆ, ಆಮೇಲೆ ಎರಡು ಮೂರು ದಿನ ಕರೆಂಟ್ ಕೇಳಬೇಡಿ. ಫ್ರಿಜ್ ಆಫ್ ಆದರೂ ಇನ್ಸುಲಿನ್ ತಣ್ಣಗಿರಲಿ ಅಂತ ಉಳಿದಿದ್ದ ಐದೂ ಬಾಟಲಿಗಳನ್ನು ರಾತ್ರಿಯೇ ಫ್ರೀಜರ್‌ಗೆ ಸೇರಿಸಿದೆ. ಮಾರನೇ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಐಸ್ ಕರಗಿತು, ಬಾಟಲಿಯೂ ಕರಗಿತು. ಅದರಲ್ಲೇ ಒಂದನ್ನು ತೆಗೆದು ಚುಚ್ಚಲು ಶುರುಮಾಡಿದೆ. ಒಳಗೆ ಸಣ್ಣ ಸಣ್ಣ ಬಿಳಿ ಗಂಟು ಕಾಣಿಸಿತ್ತು ನಿಜ. ಸರಿಯಾಗಿ ಬೆರೆತಿಲ್ಲವೇನೋ ಅಂದುಕೊಂಡು ಅಂಗೈಯಲ್ಲಿ ಇನ್ನೂ ಸ್ವಲ್ಪ ಉರುಳಿಸಿದೆ.

ನಾಲ್ಕನೇ ದಿನಕ್ಕೆ ಅತ್ತೆ ಹಾಸಿಗೆ ಬಿಟ್ಟೇಳಲಿಲ್ಲ. ಬಾಯಾರಿಕೆ, ಸುಸ್ತು, ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ. ಆ ದಿನಗಳಲ್ಲಿ ಸುಸ್ತು ಅಂದರೆ ತಲೆಗೆ ಬರುತ್ತಿದ್ದದ್ದು ಒಂದೇ. ಅವರನ್ನು ಹಿಂದಿನ ಕೋಣೆಗೆ ಹಾಕಿ, ಬಾಗಿಲಲ್ಲಿ ತಟ್ಟೆ ಇಟ್ಟು ಬರುತ್ತಿದ್ದೆವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಆಶಾ ಕಾರ್ಯಕರ್ತೆ ಬಂದು ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ 97 ಬಂತು. ಜ್ವರ, ಕೆಮ್ಮು ಎರಡೂ ಇರಲಿಲ್ಲ. "ಶುಗರ್ ನೋಡಿದ್ರಾ ಅಕ್ಕಾ?" ಅಂದರು. ಪಕ್ಕದ ತೋಟದವರ ಹತ್ತಿರ ಸ್ಟ್ರಿಪ್ ಇಸ್ಕೊಂಡು ನೋಡಿದರೆ 438.

ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಕೇಳಿದ ಎರಡನೇ ಪ್ರಶ್ನೆಯೇ ಬಾಟಲಿ ಎಲ್ಲಿಟ್ಟಿದ್ರಿ ಅಂತ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ನಂಬಿ ಚುಚ್ಚೋ ಹಾಗಿಲ್ಲವಂತೆ, ಎಸೆಯಬೇಕಂತೆ. 30/70ರಲ್ಲಿ ಗಂಟಾದರೂ ಕಾಣುತ್ತೆ, ನೀರಿನಂತಿರೋ ಇನ್ಸುಲಿನ್ ಕೆಟ್ಟರೆ ಕಣ್ಣಿಗೆ ಗೊತ್ತೇ ಆಗದಿರಬಹುದು. ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋಗಿ, ಡ್ರಿಪ್ ಹಾಕಿಸಿ, ಎರಡು ರಾತ್ರಿ ಅಲ್ಲೇ ಇದ್ದೆವು. ಕೊರೊನಾ ಟೆಸ್ಟ್ ನೆಗೆಟಿವ್ ಬಂತು.

ಇದರಲ್ಲಿ ನನಗೆ ಇವತ್ತಿಗೂ ಸಂಕಟ ಆಗೋ ವಿಷಯ ಬೇರೆ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್‌ನ ಕೆಳಭಾಗದಲ್ಲಿ, ಫ್ರೀಜರ್‌ನಿಂದ ದೂರ ಇಡಬೇಕು. ಆದರೆ ಹೊರಗಿಟ್ಟ ಕೂಡಲೇ ಅದು ಹಾಳಾಗಲ್ಲ. ಬಿಸಿಲು ಬೀಳದ ತಂಪು ಜಾಗದಲ್ಲಿ ಹೆಚ್ಚಿನ ಇನ್ಸುಲಿನ್ ಸುಮಾರು ನಾಲ್ಕು ವಾರ ಇರುತ್ತೆ. ನಿಮ್ಮದು ಎಷ್ಟು ದಿನ ಅನ್ನೋದು ಡಬ್ಬಿಯೊಳಗಿನ ಚೀಟಿಯಲ್ಲಿದೆ. ಮಳೆ ಹಿಡಿದ ಮಲೆನಾಡಿನಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು!

ಈಗ ಡೆಂಗಿ, ಮಂಗನ ಕಾಯಿಲೆ ಅಂತ ಸುದ್ದಿ ಬಂದಾಗೆಲ್ಲ ನಮ್ಮಲ್ಲಿ ಅಕ್ಕಿಗಿಂತ ಮೊದಲು ಬರೋದು ಸ್ಟ್ರಿಪ್ ಡಬ್ಬಿ ಮತ್ತು ಸಿರಿಂಜ್. ಸಿರಿಂಜ್ ತರುವಾಗಲೂ ನೋಡಿ: ಒಂದು ಎಂಎಲ್‌ಗೆ 40 ಯೂನಿಟ್ ಇರೋ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜೇ ಬೇಕು, 100 ಯೂನಿಟ್‌ನ ಇನ್ಸುಲಿನ್‌ಗೆ ಮಾಡಿದ ಸಿರಿಂಜ್ ಕೊಟ್ಟರೆ ಡೋಸ್ ಏರುಪೇರಾಗುತ್ತೆ. ಡಾಕ್ಟರ್ ಬರೆದುಕೊಟ್ಟ ಚೀಟಿಯ ಫೋಟೋ ನನ್ನ, ಗಂಡನ ಇಬ್ಬರ ಮೊಬೈಲಲ್ಲೂ ಇದೆ. ಬಾಟಲಿಗಳ ಜವಾಬ್ದಾರಿಯನ್ನು ಮಾತ್ರ ಅತ್ತೆ ವಾಪಸ್ ತಗೊಂಡಿದ್ದಾರೆ. ನಾನು ಫ್ರಿಜ್ ಬಾಗಿಲು ತೆಗೆದರೆ ಸಾಕು, ಜಗುಲಿಯಿಂದಲೇ "ಏನ್ ಬೇಕಿತ್ತೇ?" ಅಂತಾರೆ.